ಒಂದೇ ಪಾಸು, ಎರಡು ಅರ್ಧ

ಯಾರು ಏನೇ ಹೇಳಿದರೂ ಅರ್ಧ ಮಾತ್ರ ಕೇಳಿಸಿಕೊಂಡು ಉಳಿದರ್ಧವನ್ನು ನಾನೇ ಹೊಲಿದು ಸೇರಿಸುತ್ತೇನೆ ಎಂಬುದು ನನ್ನ ಮೇಲೆ ಮನೆಯವರ ಹಳೆಯ ದೂರು. ಹಾಗಾಗಿ ಇದು ನಡೆದ ಕತೆ ಎಂದು ಆಣೆ ಮಾಡಿದರೆ ಮೊದಲು ನಗುವವರು ನಮ್ಮ ಮನೆಯವರೇ. ನಗಲಿ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಈ ಸಲ ನಾಯಿ ಸೇರಿಸುವುದಿಲ್ಲ. ನಾಯಿಯ ವಿಷಯ ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ.

ನಮ್ಮಮ್ಮ ಸಿನಿಮಾ ಥಿಯೇಟರೊಂದರಲ್ಲಿ ಪಾಪ್‌ಕಾರ್ನ್ ಕೌಂಟರ್ ನೋಡಿಕೊಳ್ಳುತ್ತಾಳೆ. ಬೆಳಗ್ಗೆ ಹತ್ತಕ್ಕೆ ಹೋದರೆ ಬರುವುದು ಸಂಜೆ ಏಳೂವರೆಯ ಮೇಲೆ. ಅಪ್ಪನಿಗೆ ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ಹಿಟ್ಟು ನಾದುವ ಯಂತ್ರದ ಮುಂದೆ. ಸಂಜೆ ಏಳಕ್ಕೆ ಹೊರಟವನು ಬೆಳಗ್ಗೆ ಏಳಕ್ಕೆ ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡು ಬರುತ್ತಾನೆ. ಬ್ರೆಡ್ಡಿನಿಂದ ಬೆಡ್ಡಿಗೆ, ಬೆಡ್ಡಿನಿಂದ ಬ್ರೆಡ್ಡಿಗೆ. ಮಧ್ಯಾಹ್ನ ಎದ್ದಾಗ ಅಡುಗೆಮನೆಯಲ್ಲಿ ಅವನ ತಟ್ಟೆಯ ಮೇಲೊಂದು ತಟ್ಟೆ ಮುಚ್ಚಿರುತ್ತದೆ. ಒಬ್ಬನೇ ಕೂತು ಉಣ್ಣುತ್ತಾನೆ, ಎರಡೂ ತಟ್ಟೆ ತೊಳೆದು ಬೋರಲು ಹಾಕಿ ಹೋಗುತ್ತಾನೆ. ಮನೆಯಲ್ಲಿ ಅವನಿದ್ದಾನೆ ಅನ್ನುವುದಕ್ಕೆ ಎಷ್ಟೋ ದಿನ ಆ ಬೋರಲು ತಟ್ಟೆಗಳೇ ಗುರುತು.

ಆ ವರ್ಷ ಶಾಲೆ ಶುರುವಾಗುವ ಮುಂಚೆ ನಾವು ಮನೆ ಬದಲಾಯಿಸಿದೆವು. ಹಳೆಯದು ಅಪ್ಪನ ಫ್ಯಾಕ್ಟರಿಗೆ ಹತ್ತಿರ, ಹೊಸದು ಅಮ್ಮನ ಥಿಯೇಟರಿಗೆ ಹತ್ತಿರ. ಸಾಮಾನು ಏರಿಸುವಾಗ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಅದರ ಆಚೆ ಈಚೆ ನಿಂತು ಇಬ್ಬರೂ ಶುರು ಹಚ್ಚಿದರು.

"ನನ್ನ ಕಾಲಿಗೆ ಎರಡೆರಡು ಬಸ್ಸು ಕಟ್ಟಿದೆ ನೀನು," ಅಂದ ಅಪ್ಪ, ಬೀರುವಿನ ಕೆಳಗಡೆಯಿಂದ.

"ಹನ್ನೊಂದು ವರ್ಷ ನಾನು ಎರಡೆರಡು ಬಸ್ಸು ಹತ್ತಿದ್ನಲ್ಲ, ಆಗ ನಿಮ್ಮ ಕಣ್ಣಿಗೆ ನನ್ನ ಕಾಲು ಬೀಳ್ಲಿಲ್ವಾ?" ಅಂದಳು ಅಮ್ಮ, ಮೇಲುಗಡೆಯಿಂದ.

"ನಿನಗೆ ಬೇಕಿದ್ದಿದ್ದು ಈ ಮನೆ ಅಲ್ಲ, ನನ್ನ ಸೋಲು."

"ಹೌದು, ಹಂಗೇ ಅನ್ಕೊಳ್ಳಿ. ಎತ್ತಿ ಮೊದಲು."

ಬೀರು ಹೇಗೋ ಬಿಡಿಸಿಕೊಂಡು ಒಳಗೆ ಬಂತು. ಮಾತು ಮೆಟ್ಟಿಲಲ್ಲೇ ಉಳಿಯಿತು. ಅವತ್ತಿನಿಂದ ಅಮ್ಮನ ಮಾತೆಲ್ಲ "ನಿಮ್ಮಪ್ಪನಿಗೆ ಹೇಳು" ಎಂದೂ, ಅಪ್ಪನ ಮಾತೆಲ್ಲ "ನಿಮ್ಮಮ್ಮನಿಗೆ ಹೇಳು" ಎಂದೂ ಶುರುವಾಗತೊಡಗಿದವು. ಹೇಳುವವನು ನಾನು. ಯಾರ ದನಿಯನ್ನಾದರೂ ತೆಗೆಯುತ್ತೇನೆಂದು ಮನೆಯಲ್ಲಿ ನನಗೆ ಗಿಳಿ ಎಂದು ಹೆಸರು, ಅಮ್ಮನ ಮಾತನ್ನು ಅಮ್ಮನ ದನಿಯಲ್ಲೇ ಮುಟ್ಟಿಸುತ್ತಿದ್ದೆ. ಒಂದು ಮಧ್ಯಾಹ್ನ ಅಪ್ಪನ ಮಂಚದ ಹತ್ತಿರ ಹೋಗಿ, ಮೂಗಿನಿಂದ ಸ್ವಲ್ಪ ಎಳೆದು, "ಗ್ಯಾಸ್ ಮುಗಿದಿದೆ, ಎದ್ದ ಮೇಲೆ ಫೋನ್ ಮಾಡಿ" ಎಂದೆ. ಅಪ್ಪ ಕಣ್ಣು ಮುಚ್ಚಿಕೊಂಡೇ, "ಆಯ್ತು ಕಣೇ, ನೀನು ತಿಂದ್ಯಾ?" ಅಂದ. ಆಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿದ. ಗೋಡೆಯ ಕಡೆ ತಿರುಗಿದ.

ಇನ್ನು ಪಾಸಿನ ವಿಷಯ. ಥಿಯೇಟರಿನ ಕೆಲಸದವರಿಗೆ ವಾರಕ್ಕೊಂದು ಪಾಸು, ಬುಧವಾರದ ಮ್ಯಾಟಿನಿಗೆ ಮಾತ್ರ, ಒಬ್ಬರಿಗೆ ಮಾತ್ರ. ಕಾಲೇಜಿನಲ್ಲಿ ಮೂರು ವಿಷಯ ಪಾಸಾಗದ ನನಗೆ ಈ ಪಾಸಾದರೂ ಬೇಕೇ ಬೇಕಿತ್ತು. ತಂಗಿಗೂ ಬೇಕಿತ್ತು. ಅವಳಿಗೆ ಹದಿನೈದು. ಮೈ ಸಣ್ಣ, ಮಾತು ಕಮ್ಮಿ, ಆಡಿದ್ದು ಚುಚ್ಚುತ್ತದೆ, ಅದಕ್ಕೇ ಅವಳು ಸೂಜಿ. ಮೂರು ದಿನ ಕಿತ್ತಾಡಿದೆವು. ಕೊನೆಗೆ ಅಮ್ಮ, ಆಕಾರ ಕೆಟ್ಟಿದ್ದಕ್ಕೆ ಫ್ಯಾಕ್ಟರಿಯವರು ಅಪ್ಪನಿಗೇ ಕೊಟ್ಟು ಕಳಿಸಿದ್ದ ಬ್ರೆಡ್ಡನ್ನು ಕತ್ತರಿಸುತ್ತಾ, ಚಾಕು ಎತ್ತಿ ತೀರ್ಪು ಕೊಟ್ಟಳು.

"ಅರ್ಧ ಅರ್ಧ ನೋಡಿ."

"ಸಿನಿಮಾ ಏನು ಬ್ರೆಡ್ಡೇನಮ್ಮಾ?"

"ನಿನ್ನ ಕಾಲೇಜು ಒಂದಕ್ಕೆ ಬಿಡುತ್ತೆ, ಇವಳ ಸ್ಕೂಲು ಮೂರೂವರೆಗೆ. ಇಂಟರ್ವಲ್‌ವರೆಗೆ ನೀನು, ಆಮೇಲೆ ಅವಳು. ಒಬ್ಬರಿಗೊಬ್ಬರು ಕತೆ ಹೇಳ್ಕೊಳ್ಳಿ. ಇಬ್ಬರಿಗೂ ಹೊಟ್ಟೆ ತುಂಬುತ್ತೆ."

ಮೊದಲ ಬುಧವಾರ ಗೇಟಿನಲ್ಲಿ ಟಿಕೆಟ್ ಹರಿಯುವ ಅಂಕಲ್ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಒಬ್ಬರಿಗೆ ಅಂತ ಬರೆದಿದೆ," ಅಂದರು. ಆಮೇಲೆ ತಾವೇ, "ಒಂದು ಹೊತ್ತಿಗೆ ಒಬ್ಬರೇ ಅಲ್ವಾ ಕೂರೋದು, ಹೋಗು ಹೋಗು," ಎಂದು ಬಿಟ್ಟರು.

ಹೀಗೆ ನಮ್ಮ ಸಿನಿಮಾ ನಡೆಯಿತು. ಇಂಟರ್ವಲ್ ಹತ್ತು ನಿಮಿಷ. ಅಮ್ಮ ಕೌಂಟರಿನಲ್ಲಿ ಜನರ ಕೈಗಳ ನಡುವೆ ಮುಳುಗಿರುತ್ತಿದ್ದಳು. ಸೂಜಿ ಸ್ಕೂಲ್ ಬ್ಯಾಗ್ ಹೊತ್ತುಕೊಂಡು ಮರಳಿನ ಬಕೆಟ್ಟುಗಳ ಪಕ್ಕ ಕಾಯುತ್ತಿದ್ದಳು. ನಾನು ಒಂದೂಕಾಲು ಗಂಟೆಯ ಕತೆಯನ್ನು ದನಿಗಳ ಸಮೇತ ಅವಳಿಗೆ ಹೇಳಿ, ಹರಿದ ಪಾಸು ಕೊಟ್ಟು ಕಳಿಸುತ್ತಿದ್ದೆ. ನಾನು ಬಿಸಿ ಮಾಡಿಟ್ಟ ಸೀಟಿನಲ್ಲಿ ಅವಳು ಹೋಗಿ ಕೂರುತ್ತಿದ್ದಳು. ಸಂಜೆ ಪಾತ್ರೆ ತೊಳೆಯುತ್ತಾ ಉಳಿದರ್ಧ ಹೇಳುತ್ತಿದ್ದಳು. ಅವಳದು ಲೆಕ್ಕ ಒಪ್ಪಿಸಿದ ಹಾಗೆ: ಯಾರು ಯಾವ ಬಣ್ಣದ ಅಂಗಿ ಹಾಕಿದ್ದರು, ಯಾವ ಮಾತಿಗೆ ಎಡಗಡೆ ಕೂತ ಹೆಂಗಸು ಅತ್ತಳು, ಬಲಗಡೆಯವನು ಯಾವಾಗ ಎದ್ದು ಹೋದ.

ನನಗೆ ಅಷ್ಟು ಪ್ರಾಮಾಣಿಕತೆ ಮೈಗೆ ಒಗ್ಗುವುದಿಲ್ಲ. ಮೂರನೆಯ ವಾರ ಹೀರೋಗೊಂದು ನಾಯಿ ಕೊಟ್ಟೆ. ಕುಂಟು ನಾಯಿ, ಒಂದು ಕಿವಿ ಮಾತ್ರ ನೆಟ್ಟಗೆ.

ಸಂಜೆ ಸೂಜಿ ಬಾಣಲೆ ಉಜ್ಜುವುದನ್ನು ನಿಲ್ಲಿಸಿ, "ನಾಯಿ ಬರಲೇ ಇಲ್ಲ ಕಣೋ," ಅಂದಳು. "ಕೊನೇವರೆಗೂ ಕಾದೆ. ಎಲ್ಲರೂ ಒಂದಾದ್ರು, ಫೋಟೋ ತೆಗೆಸ್ಕೊಂಡ್ರು. ಅದನ್ನ ಯಾರೂ ನೆನೆಸ್ಕೊಳ್ಳಲೇ ಇಲ್ಲ."

ನಾನು ಹೊಟ್ಟೆ ಹಿಡಿದು ನಕ್ಕೆ. ಅವಳು ನಗಲಿಲ್ಲ. ಎರಡು ದಿನ ನಾಯಿಗಾಗಿ ಮುಖ ಸಪ್ಪಗೆ ಮಾಡಿಕೊಂಡಿದ್ದಳು.

ಹಳೆಯ ನೋಟ್‌ಬುಕ್ಕೊಂದರ ಹಿಂದಿನ ಹಾಳೆಗಳಲ್ಲಿ ಅವಳು ಸಿನಿಮಾಗಳ ಬಗ್ಗೆ ಬರೆದಿಡುತ್ತಿದ್ದಳು. ನಾನು ಕದ್ದು ಓದುತ್ತಿದ್ದೆ. "ಈ ವಾರ ತಮ್ಮ ಅಣ್ಣನ ಕಾಲು ಹಿಡಿದ. ಹೋದ ವಾರವೂ ಯಾರೋ ಯಾರದೋ ಕಾಲು ಹಿಡಿದರು. ಸಿನಿಮಾದವರಿಗೆ ಕ್ಷಮೆ ಕೇಳುವುದು ಬಿಟ್ಟು ಬೇರೆ ಕೆಲಸವಿಲ್ಲವೇನೋ." ಇನ್ನೊಂದು ಹಾಳೆಯಲ್ಲಿ: "ಹೀರೋಯಿನ್‌ಗೆ ಒಬ್ಬ ಗೆಳತಿ ಇದ್ದಳು. ಆಸ್ಪತ್ರೆಯಲ್ಲಿ ಕೈ ಹಿಡಿದುಕೊಂಡು ಕೂತಳು. ಒಳ್ಳೆಯವಳು. ಹೇಗೆ ಸಿಕ್ಕಿದಳೋ ಗೊತ್ತಿಲ್ಲ."

ಒಂದು ದಿನ ಒಣಗಿದ ಬಟ್ಟೆ ಮಡಿಸುತ್ತಾ ಕೇಳಿಯೇಬಿಟ್ಟಳು. "ಗಿಳಿ, ಸಿನಿಮಾದಲ್ಲಿ ಜನಕ್ಕೆ ಮೊದಲು ಪರಿಚಯ ಆಗೋದು ಹೆಂಗೋ?"

"ಯಾಕೆ?"

"ನಾನು ಒಳಗೆ ಹೋಗೋ ಹೊತ್ತಿಗೆ ಎಲ್ಲರಿಗೂ ಎಲ್ಲರೂ ಗೊತ್ತಿರ್ತಾರೆ."

ನಾನು ಹೀರೋನ ದಪ್ಪ ದನಿ ತೆಗೆದು, "ಡಿಕ್ಕಿ ಹೊಡೀಬೇಕು. ಪುಸ್ತಕ ಬೀಳ್ಬೇಕು. ಇಬ್ಬರೂ ಒಟ್ಟಿಗೆ ಬಗ್ಗಬೇಕು," ಎಂದೆ.

"ಅಷ್ಟೇನಾ?"

"ಅಷ್ಟೇ."

ಎರಡು ದಿನದ ಮೇಲೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಾ, ಯಾರಿಗೂ ಅಲ್ಲದ ಹಾಗೆ ಹೇಳಿದಳು: "ಇವತ್ತು ಪುಸ್ತಕ ಬೀಳಿಸಿದೆ. ನಾನೇ ಎತ್ಕೊಂಡೆ."

ಅವತ್ತು ಅಮ್ಮ ತಲೆ ಎತ್ತಿ ನೋಡಿದಳು, "ನೋಡ್ಕೊಂಡು ನಡೀಬಾರ್ದಾ," ಅಂದಳು. ನಾನಂತೂ ನಕ್ಕೆ. ಹೊಸ ಶಾಲೆ ಸೇರಿ ಮೂರು ತಿಂಗಳಾಗಿತ್ತು. ಅಲ್ಲಿ ಅವಳ ಜೊತೆ ಒಬ್ಬರೂ ಕೂತು ಉಣ್ಣುವುದಿಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಆಮೇಲೆ ಕನ್ನಡಕದ ಹುಡುಗಿ ಬಂದಳು. ಸೂಜಿಯ ಅಮ್ಮ ಥಿಯೇಟರಿನಲ್ಲಿದ್ದಾಳೆಂದು ಹೇಗೋ ತಿಳಿದು, ತಾನಾಗಿಯೇ ಡಬ್ಬಿ ತೆಗೆದುಕೊಂಡು ಅವಳ ಬೆಂಚಿಗೆ ಬಂದಳಂತೆ. "ಹಂಗಾದ್ರೆ ನೀನು ಎಲ್ಲಾ ಸಿನಿಮಾನೂ ನೋಡ್ತೀಯಾ?" ಎಂದಳಂತೆ. ಸೂಜಿ ಹೂಂ ಅಂದಳು. ಅರ್ಧರ್ಧ ಎಂದು ಹೇಳಲಿಲ್ಲ. ಮೂರು ವಾರ ಇಬ್ಬರೂ ಜೊತೆಗೆ ಉಂಡರು. ಆ ಮೂರು ವಾರ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಗ ಹಾಡು ಕೇಳಿಸಿತು. "ಕನ್ನಡಕ ಹಿಂಗಂದ್ಲು, ಕನ್ನಡಕ ಹಂಗಂದ್ಲು" ಎಂದು ಊಟದ ತುಂಬ ಅದೇ. ಬುಧವಾರ ಮರಳಿನ ಬಕೆಟ್ಟಿನ ಪಕ್ಕ ನನ್ನ ತೋಳು ಹಿಡಿದು ಹೇಳಿದಳು:

"ಸರಿಯಾಗಿ ಹೇಳೋ ಈ ಸಲ. ಶನಿವಾರ ಕ್ಲಾಸಲ್ಲಿ ಐದು ನಿಮಿಷ ಮಾತಾಡ್ಬೇಕು, ನನ್ನ ಸರದಿ. ಇದೇ ಸಿನಿಮಾದ ಬಗ್ಗೆ ಮಾತಾಡು ಅಂತ ಅವಳು ಹೇಳಿದ್ದಾಳೆ."

ಒಬ್ಬ ಮುದುಕನ ಸಿನಿಮಾ ಅದು. ಮೂರು ಗಂಡುಮಕ್ಕಳು, ದೊಡ್ಡ ಮನೆ. ತಾನು ಸತ್ತರೆ ಯಾರು ಅಳುತ್ತಾರೆ ನೋಡೋಣ ಎಂದು ಮುದುಕ ಸತ್ತವನ ಹಾಗೆ ಮಲಗಿಬಿಡುತ್ತಾನೆ. ಒಂದು ಕಣ್ಣು ತೆರೆದು ನೋಡುವಾಗ ಸಿಕ್ಕಿಬೀಳುತ್ತಾನೆ. ಮಕ್ಕಳಿಗೆ ಕೆಂಡದಂಥ ಸಿಟ್ಟು ಬಂದು, ಇನ್ನು ಅವನ ಜೊತೆ ಮಾತೇ ಆಡುವುದಿಲ್ಲವೆಂದು ಶಪಥ ಮಾಡುತ್ತಾರೆ. ಇಂಟರ್ವಲ್.

ನಾನು ಎಲ್ಲವನ್ನೂ ಸರಿಯಾಗಿಯೇ ಹೇಳಿದೆ. ಆ ಒಂದು ಕಣ್ಣು ಮಾತ್ರ ತೆರೆಸಲಿಲ್ಲ.

"ಸತ್ತೋದ್ನಾ?" ಅಂದಳು ಸೂಜಿ.

"ಸತ್ತೋದ. ಇನ್ಮೇಲೆ ಬರೋದು ಅವನ ದೆವ್ವ. ಯಾರಿಗೂ ಕಾಣಿಸಲ್ಲ. ಹೋಗು, ಶುರುವಾಯ್ತು."

ಯಾಕೆ ಹಾಗೆ ಮಾಡಿದೆ? ಬಾಯಿಗೆ ಬಂತು, ಹೇಳಿದೆ. ಐದು ನಿಮಿಷದಲ್ಲೇ ಅವಳಿಗೆ ಗೊತ್ತಾಗುತ್ತದೆ, ಸಂಜೆ ಬಂದು ಗುದ್ದುತ್ತಾಳೆ ಅಂದುಕೊಂಡಿದ್ದೆ. ಸಂಜೆ ಬಂದವಳ ಕಣ್ಣು ಊದಿತ್ತು. "ಇಷ್ಟು ಒಳ್ಳೇ ಸಿನಿಮಾ ನಾನು ನೋಡೇ ಇಲ್ಲ," ಅಂದಳು. ಆಗಲಾದರೂ ಹೇಳಬೇಕಿತ್ತು. ನನಗೆ ನಗು ತಡೆಯುವುದೇ ಕಷ್ಟವಾಗಿತ್ತು.

ಶನಿವಾರ ಕ್ಲಾಸಿನಲ್ಲಿ ಏನಾಯಿತೆಂದು ನನಗೆ ತಿಳಿದದ್ದು ಆಮೇಲೆ, ಆದರೂ ಇಲ್ಲೇ ಹೇಳಿಬಿಡುತ್ತೇನೆ. ಸತ್ತ ಮುದುಕನೊಬ್ಬ ತನ್ನದೇ ಮನೆಯಲ್ಲಿ ಓಡಾಡುವುದು, ಯಾರೂ ತಿರುಗಿ ನೋಡದಿರುವುದು, ಮೊಮ್ಮಗಳೊಬ್ಬಳಿಗೆ ಮಾತ್ರ ಅವನು ಕಾಣುವುದು, ಇದನ್ನೆಲ್ಲ ಸೂಜಿ ನಾಲ್ಕು ನಿಮಿಷ ಹೇಳಿದಳು. ಕ್ಲಾಸು ಗಪ್‌ಚಿಪ್. ಆಮೇಲೆ ಕನ್ನಡಕದ ಹುಡುಗಿಯೇ, ಕುಹಕವೇನಿಲ್ಲದೆ, ನಿಜಕ್ಕೂ ಅರ್ಥವಾಗದೆ ಕೇಳಿದಳು: "ಯಾವ ದೆವ್ವ? ಅವನು ಸತ್ತೇ ಇಲ್ವಲ್ಲ. ಸುಮ್ನೆ ಸತ್ತಂಗೆ ಮಲಗಿದ್ದು. ನೀನು ಸಿನಿಮಾ ನೋಡಿದ್ಯಾ?"

ಟೀಚರೂ ನಕ್ಕರಂತೆ. ಸೋಮವಾರದ ಹೊತ್ತಿಗೆ ಇಡೀ ಶಾಲೆಯಲ್ಲಿ ಅವಳ ಹೆಸರು ದೆವ್ವ. ಕನ್ನಡಕದ ಹುಡುಗಿ ಡಬ್ಬಿ ತೆಗೆದುಕೊಂಡು ಹಳೆಯ ಬೆಂಚಿಗೆ ಹೋದಳು.

ಮುಂದಿನ ಬುಧವಾರವೂ ಅದೇ ಸಿನಿಮಾ ಓಡುತ್ತಿತ್ತು. ಮೊದಲರ್ಧ ಇನ್ನೊಮ್ಮೆ ನೋಡಿ ಹೊರಗೆ ಬಂದೆ. ಬಕೆಟ್ಟಿನ ಪಕ್ಕ ಸೂಜಿ ಇರಲಿಲ್ಲ. ಬೆಲ್ಲು ಹೊಡೆಯಿತು. ಗೇಟಿನ ಅಂಕಲ್, "ಒಳಗೋ ಹೊರಗೋ?" ಅಂದರು. ಒಳಗೆ ಹೋದೆ.

ಇಂಟರ್ವಲ್ ಆದ ಮೇಲಿನ ಸಿನಿಮಾ ನಾನು ನೋಡಿದ್ದು ತಿಂಗಳುಗಳಲ್ಲಿ ಅದೇ ಮೊದಲು. ಮುದುಕ ಕೋಣೆಯಿಂದ ಕೋಣೆಗೆ ನಡೆಯುತ್ತಾನೆ. ಮಕ್ಕಳು ಅವನ ಮುಂದೆಯೇ ಹಾದುಹೋಗುತ್ತಾರೆ. ತಟ್ಟೆ ಮುಚ್ಚಿಟ್ಟು ದೀಪ ಆರಿಸುತ್ತಾರೆ. ಅವನು ಸತ್ತಿದ್ದಾನೆ ಅಂದುಕೊಂಡು ನೋಡಿದೆ. ಎಲ್ಲಿಯೂ ಸುಳ್ಳು ಸಿಕ್ಕಿಬೀಳಲಿಲ್ಲ. ಕೊನೆಯಲ್ಲಿ ಮೊಮ್ಮಗಳು ತನ್ನ ತಟ್ಟೆ ತಂದು ಅವನ ಎದುರಿಗೆ ಕೂತಾಗ ನನ್ನ ಎಡಗಡೆ ಒಬ್ಬ, ಬಲಗಡೆ ಒಬ್ಬಳು ಮೂಗು ಸೀಟುತ್ತಿದ್ದರು. ಇಬ್ಬರೂ ಗುರುತಿಲ್ಲದವರು. ಸೂಜಿ ವಾರ ವಾರ ಇಂಥವರ ನಡುವೆ ಕೂತಿದ್ದಳು.

ಮನೆಗೆ ಬಂದು, "ನೋಡ್ದೆ ಕಣೇ, ಪೂರ್ತಿ," ಎಂದೆ. ಅವಳು ನಲ್ಲಿ ಜೋರಾಗಿ ಬಿಟ್ಟಳು.

ಸೋಮವಾರ ರಾತ್ರಿ ಅಪ್ಪನಿಗೆ ರಜೆ. ಅಪ್ಪ ಇನ್ನೂ ಮಲಗಿದ್ದ. ಅವನ ತಟ್ಟೆ ಮುಚ್ಚಿತ್ತು. ನಾವು ಮೂವರೂ ಊಟಕ್ಕೆ ಕೂತಿದ್ದೆವು. ಅಮ್ಮ ಬೆಂದ ಮೊಟ್ಟೆ ಸುಲಿಯುತ್ತಾ ಶುರು ಮಾಡಿದಳು.

"ಗೇಟಲ್ಲಿ ಕೇಳ್ತಿದ್ರು, ನಿಮ್ಮ ಹುಡುಗಿ ಬರ್ಲೇ ಇಲ್ಲ ಅಂತ. ಏನು ವಿಷಯ?"

"ಗಿಳೀನ ಕೇಳು."

"ಏನೋ?"

"ಏನಿಲ್ಲಮ್ಮ, ಒಬ್ಬ ಮುದುಕನ್ನ ಸ್ವಲ್ಪ ಬೇಗ ಸಾಯಿಸ್ಬಿಟ್ಟೆ," ಎಂದೆ. ಯಾರೂ ನಗಲಿಲ್ಲ. ಸೂಜಿ ತಟ್ಟೆ ನೋಡಿಕೊಂಡೇ ಎಲ್ಲ ಹೇಳಿದಳು. ಶನಿವಾರ, ದೆವ್ವ, ಬೆಂಚು. ಪುಸ್ತಕ ಬೀಳಿಸಿದ್ದನ್ನೂ ಹೇಳಿದಳು. ಮಧ್ಯದಲ್ಲಿ ಅಮ್ಮನ ಹೆಗಲ ಮೇಲಿದ್ದ ಒರೆಸುವ ಬಟ್ಟೆ ನನ್ನ ಬೆನ್ನಿಗೆ ಬಿತ್ತು.

"ನಾಚಿಕೆ ಆಗಲ್ವೇನೋ? ಕೋಣ ಬೆಳೆದಂಗೆ ಬೆಳೆದಿದ್ದೀಯ, ಇರೋ ಒಬ್ಬ ತಂಗಿ ಬಾಯಿಗೆ ಮಣ್ಣು ಹಾಕ್ತೀಯಾ?"

"ತಮಾಷೆಗೆ ಮಾಡ್ದೆ ಕಣಮ್ಮ..."

"ನಿನ್ನ ತಮಾಷೆಗೆ ಬೆಂಕಿ ಹಾಕ!"

"ಯಾವ ಸಿನಿಮಾ ಅದು?"

ಅಪ್ಪ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನು ಕೇಳಿದ್ದು ಸೂಜಿಯನ್ನು.

"ಒಬ್ಬ ತಾತನದು."

"ಅರ್ಧ ಸಿನಿಮಾ ಕಣ್ಣಾರೆ ನೋಡಿದ್ದೀಯಲ್ಲ. ಅವನು ಬದುಕಿದ್ದಾನೆ ಅಂತ ಗೊತ್ತಾಗ್ಲಿಲ್ವಾ?"

ಸೂಜಿ ಯೋಚನೆ ಮಾಡಿದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಇಲ್ಲಪ್ಪ. ಅವರ ಜೊತೆ ಯಾರೂ ಮಾತಾಡ್ತಿರ್ಲಿಲ್ಲ. ಎಲ್ಲರದೂ ಊಟ ಆದ್ಮೇಲೆ ಬರ್ತಿದ್ರು. ತಟ್ಟೆ ಮುಚ್ಚಿಟ್ಟಿರ್ತಿದ್ರು. ಒಬ್ಬರೇ ತಿಂದು, ತೊಳೆದಿಟ್ಟು ಹೋಗ್ತಿದ್ರು."

ಅಪ್ಪ ಮೂಲೆಯಲ್ಲಿದ್ದ ತಟ್ಟೆಯ ಕಡೆ ನೋಡಿದ. ಅಮ್ಮ ಎದ್ದಳು, ಮುಚ್ಚಿದ್ದ ತಟ್ಟೆ ತೆಗೆದಳು, ಆರಿದ್ದನ್ನು ಪಾತ್ರೆಗೆ ಸುರಿದು ಒಲೆ ಹಚ್ಚಿದಳು. ಬಿಸಿಯಾದ ಮೇಲೆ ತಂದು ನಾಲ್ಕನೆಯ ಜಾಗದಲ್ಲಿಟ್ಟಳು. ಅಪ್ಪ ಬಂದು ಕೂತ. ನಾಲ್ಕು ಜನ ಉಂಡೆವು. ನನ್ನ ಬಾಯಲ್ಲಿ ಆಗಲೇ ಏಳೆಂಟು ದನಿಗಳು ಬಂದು ನಿಂತಿದ್ದವು. ನುಂಗಿಕೊಂಡೆ.

ಶುಕ್ರವಾರ ಸಿನಿಮಾ ಬದಲಾಗುವುದಿತ್ತು. ಗುರುವಾರದ ಬೆಳಗಿನ ಆಟಕ್ಕೆ ಜನವೇ ಇರುವುದಿಲ್ಲ. ಅಮ್ಮ ನಮ್ಮಿಬ್ಬರಿಗೂ ಶಾಲೆ ಕಾಲೇಜು ತಪ್ಪಿಸಿ, ತಾನೂ ರಜೆ ಹಾಕಿ, ಮ್ಯಾನೇಜರನ್ನು ಕೇಳಿ ನಾಲ್ಕು ಸೀಟು ಹಿಡಿದಳು. ಹನ್ನೊಂದು ವರ್ಷದಲ್ಲಿ ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲಂತೆ.

"ನಿಮ್ಮಪ್ಪನಿಗೆ ಹೇಳು," ಅಂದಳು ನನಗೆ, "ಬಂದ್ರೆ ಬರ್ಲಿ. ನಿದ್ದೆ ಕೆಡುತ್ತೆ ಅನ್ನೋದಾದ್ರೆ ಬೇಡ."

"ನಿಮ್ಮಮ್ಮನಿಗೆ ಹೇಳು," ಅಂದ ಅಪ್ಪ, ಆಗಷ್ಟೇ ಪಾಳಿ ಮುಗಿಸಿ ಬಂದವನು, "ಅಲ್ಲೇ ನಿದ್ದೆ ಮಾಡ್ತೀನಿ."

ಅಂದ ಹಾಗೆಯೇ ಮಾಡಿದ. ಗೋಡೆಯ ಕಡೆಯಿಂದ ನಾನು, ಸೂಜಿ, ಅಪ್ಪ, ಅಮ್ಮ. ಇಡೀ ಹಾಲಿನಲ್ಲಿ ನಮ್ಮನ್ನು ಬಿಟ್ಟರೆ ಮುಂದುಗಡೆ ಇಬ್ಬರು. ದೀಪ ಆರಿದ ಐದನೆಯ ನಿಮಿಷಕ್ಕೆ ಅಪ್ಪ ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದುಕೊಂಡು ಮಲಗಿದ, ಹುಬ್ಬಿನ ಮೇಲೆ ಹಿಟ್ಟು ಹಾಗೆಯೇ ಇತ್ತು. ಅಮ್ಮ ನೆಟ್ಟಗೆ ಕೂತಿದ್ದಳು. ಕೌಂಟರಿನಲ್ಲಿ ನಿಂತು ಗೋಡೆಯಾಚೆಯಿಂದ ಕೇಳಿಸಿಕೊಂಡ ಮಾತೆಲ್ಲ ಅವಳಿಗೆ ಬಾಯಿಪಾಠ, ಮುಖಗಳನ್ನು ನೋಡುತ್ತಿದ್ದದ್ದು ಈಗಲೇ.

ಸೂಜಿ ಮೊದಲರ್ಧವನ್ನು ಉಸಿರು ಬಿಗಿಹಿಡಿದು ನೋಡಿದಳು. ಮುದುಕ ಡಬ್ಬಿಯಿಂದ ಸಕ್ಕರೆ ಕದ್ದ, ಸೊಸೆಯ ಜೊತೆ ಕಿತ್ತಾಡಿದ, ಪಕ್ಕದ ಮನೆಗೆ ಹೊಸದಾಗಿ ಬಂದವನ ಹತ್ತಿರ ಸುಮ್ಮನೆ ಹೋಗಿ, "ನಿಮ್ಮ ಮನೇಲಿ ಸುತ್ತಿಗೆ ಇದ್ಯಾ?" ಎಂದು ಕೇಳಿದ. ಮೊಳೆ ಹೊಡೆಯುವುದು ಮುಗಿಯುವಷ್ಟರಲ್ಲಿ ಇಬ್ಬರೂ ಹರಟೆಗೆ ಕೂತಿದ್ದರು.

ಸೂಜಿ ನನ್ನ ಕಡೆ ತಿರುಗಿದಳು. ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು: "ಪುಸ್ತಕ ಎಲ್ಲಿ ಬಿತ್ತೋ?"

ನಾನು ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿ ಕೂತೆ.

ಇಂಟರ್ವಲ್ ಹತ್ತಿರ ಬಂತು. ಮುದುಕ ಮಂಚದ ಮೇಲೆ ಮಲಗಿದ. ಸಂಗೀತ ನಿಂತಿತು. ಮಕ್ಕಳು ಒಬ್ಬೊಬ್ಬರೇ ಬಂದು ಸುತ್ತ ನಿಂತರು.

"ಇಲ್ಲೇನಾ ನೀನು ಸಾಯಿಸಿದ್ದು?" ಅಂದಳು ಸೂಜಿ, ಪಿಸುದನಿಯಲ್ಲಿ.

"ಹೂಂ."

ಪರದೆಯ ತುಂಬ ಮುದುಕನ ಮುಖ. ಬಲಗಣ್ಣಿನ ರೆಪ್ಪೆ ಅದುರಿತು. ಮೆಲ್ಲಗೆ ಒಂದು ಕಣ್ಣು ತೆರೆಯಿತು. "ಅಪ್ಪಾ!" ಎಂದು ಹಿರಿಯ ಮಗ ಪರದೆ ಹರಿಯುವ ಹಾಗೆ ಕಿರುಚಿದ. ಆ ಕೂಗಿಗೆ ನಮ್ಮಪ್ಪ ಬೆಚ್ಚಿಬಿದ್ದು, ಹಿಟ್ಟು ಮೆತ್ತಿದ ಒಂದು ಕಣ್ಣು ಮಾತ್ರ ಬಿಟ್ಟು, ಪಕ್ಕಕ್ಕೆ ತಿರುಗಿ ಗಾಬರಿಯಿಂದ ಕೇಳಿದ:

"ಏನಾಯ್ತೇ?"

"ಏನೂ ಆಗಿಲ್ಲ," ಅಂದಳು ಅಮ್ಮ, ಅವನ ಮುಖಕ್ಕೇ. "ಸತ್ತಿಲ್ವಂತೆ. ನೀವು ಮಲಕ್ಕೊಳ್ಳಿ."

ನಡುವೆ ನಾನಿರಲಿಲ್ಲ. ಇಬ್ಬರಿಗೂ ಅದು ಒಂದು ಕ್ಷಣ ತಡವಾಗಿ ಗೊತ್ತಾಯಿತು. ಅಪ್ಪನ ಇನ್ನೊಂದು ಕಣ್ಣೂ ತೆರೆಯಿತು.

ಆಗ ಸೂಜಿ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಆಮೇಲೆ ಮುಂದಿನ ಸೀಟಿನ ಬೆನ್ನಿಗೆ ಹಣೆ ಚಚ್ಚಿಕೊಂಡು. ಅಮ್ಮ ನಕ್ಕಳು, ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅಪ್ಪನೂ ನಕ್ಕ, ನಾನು ಕೊನೆಗೆ. ದೀಪ ಹತ್ತಿತು. ಮುಂದಿದ್ದ ಇಬ್ಬರ ಪೈಕಿ ಒಬ್ಬಳು, ನಾಳೆ ಶಾಲೆಯಲ್ಲಿ ಸಿಗಲೂ ಸಿಗದ ಯಾವಳೋ ಗುರುತಿಲ್ಲದವಳು, ತಿರುಗಿ ನೋಡಿದಳು. ನಾವೆಲ್ಲ ನಿಲ್ಲಿಸಿದೆವು. ಸೂಜಿ ಮಾತ್ರ ನಿಲ್ಲಿಸಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಾ, ಆ ಖಾಲಿ ಸೀಟುಗಳಿಗೆಲ್ಲ ಕೇಳಿಸುವ ಹಾಗೆ ನಗುತ್ತಲೇ ಇದ್ದಳು.